ನೀರು ಇನ್ನೆಷ್ಟು ದಿನಕ್ಕೆ? ಆ ಲೆಕ್ಕ ಪ್ರಕಟಿಸಿ

ಮಾನ್ಯ ಸಂಪಾದಕರೇ,

ಮಳೆ ಕೈಕೊಟ್ಟ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಕಾಣುವ ಸುದ್ದಿ ಹೆಚ್ಚುಕಡಿಮೆ ಒಂದೇ: ಜಲಾಶಯದಲ್ಲಿ ಶೇ 40ರಷ್ಟು ನೀರು ಉಳಿದಿದೆ. ಅದರಿಂದ ಓದುಗರಿಗೆ ತಿಳಿಯುವುದು ಅಷ್ಟಕ್ಕಷ್ಟೆ. ಆ ಶೇ 40 ಮುಂದಿನ ಮಳೆಗಾಲದವರೆಗೆ ಬರುತ್ತದೋ, ಮೂರು ತಿಂಗಳಿಗೇ ತೂಬು ಬರಿದಾಗುತ್ತದೋ? ಹೊಸ ನೀರು ಒಂದು ಹನಿಯೂ ಸೇರದಿದ್ದರೆ ಇವತ್ತಿನಿಂದ ಎಷ್ಟು ದಿನ ಎಂಬ ಅಂಕಿ ಬೇಕು. ಅದನ್ನು ಕೇಳದ ಊರಿನಲ್ಲಿ ಬರದ ಯೋಜನೆ ಎಂಬುದು ಕಡತದಲ್ಲಷ್ಟೇ ಇರುತ್ತದೆ.

ಲೆಕ್ಕ ಕಷ್ಟದ್ದೇನಲ್ಲ. 10 ಲಕ್ಷ ಜನರ ಒಂದು ನಗರ ಎಂದುಕೊಳ್ಳೋಣ. ಜಲಾಶಯದಲ್ಲಿ ಇವತ್ತು 5,000 ಕೋಟಿ ಲೀಟರ್ ಇದೆ. ಪಂಪ್‌ಹೌಸ್ ದಿನಕ್ಕೆ 15 ಕೋಟಿ ಲೀಟರ್ ಎತ್ತುತ್ತದೆ. ಭಾಗಿಸಿದರೆ 333 ದಿನ. ಸಭೆಯಲ್ಲಿ ಈ ಅಂಕಿ ಓದಿ ಎಲ್ಲರೂ ನಿರಾಳವಾಗುತ್ತಾರೆ. ಆದರೆ ಅದರಲ್ಲಿ 500 ಕೋಟಿ ಲೀಟರ್ ತೀರಾ ಕೆಳಗಿನ ತೂಬಿಗಿಂತಲೂ ಕೆಳಗಿರುವ ಡೆಡ್ ಸ್ಟೋರೇಜ್, ತಾನಾಗಿ ಹೊರಬರುವುದಿಲ್ಲ. ನೀರಿನ ಹರವು 5 ಚದರ ಕಿಲೋಮೀಟರ್ ಇದ್ದು ಬೇಸಿಗೆಯಲ್ಲಿ ದಿನಕ್ಕೆ 6 ಮಿಲಿಮೀಟರ್ ಆವಿಯಾದರೆ, ಅದೊಂದೇ 3 ಕೋಟಿ ಲೀಟರ್. ಹಾಗಾಗಿ 4,500 ಕೋಟಿಯನ್ನು 18 ಕೋಟಿಯಿಂದ ಭಾಗಿಸಬೇಕು: 250 ದಿನ. ಮಿಕ್ಕ 83 ದಿನ ಕಾಗದದ ಮೇಲಷ್ಟೇ ಇದ್ದವು. ಕೆಳಹರಿವಿಗೆ ಬಿಡಲೇಬೇಕಾದ ನೀರನ್ನೂ ರೈತರ ಪಾಲನ್ನೂ ಕಳೆದರೆ ಇನ್ನಷ್ಟು ದಿನ ಹೋಗುತ್ತವೆ.

ಹೂಳಿನ ವಿಷಯವೂ ಇಲ್ಲೇ ಬರುತ್ತದೆ. ಯಾವ ಮಟ್ಟಕ್ಕೆ ಎಷ್ಟು ನೀರು ಎಂದು ಹೇಳುವ ಕೋಷ್ಟಕ ಬಹಳ ಕಡೆ ಅಣೆಕಟ್ಟು ಕಟ್ಟಿದ ಕಾಲದ್ದೇ ಆಗಿರುತ್ತದೆ. ಹೂಳೆಲ್ಲ ತಳದ ಡೆಡ್ ಸ್ಟೋರೇಜ್‌ನಲ್ಲಿ ಕೂರುತ್ತದೆ ಎಂಬ ನಂಬಿಕೆ ತಪ್ಪು. ನದಿ ಜಲಾಶಯಕ್ಕೆ ಸೇರುವ ಬಾಯಲ್ಲೇ ವೇಗ ತಗ್ಗಿ ದಪ್ಪ ಮರಳು ಬೀಳುತ್ತದೆ. ಅದು ಬಳಕೆಯ ನೀರಿನ ಜಾಗವನ್ನೇ ತಿನ್ನುತ್ತದೆ. ದೋಣಿಯಲ್ಲಿ ಎಕೋ ಸೌಂಡರ್ ಇಟ್ಟುಕೊಂಡು ಆಳ ಅಳೆದು, ಕೆಲವು ವರ್ಷಗಳಿಗೊಮ್ಮೆ ಕೋಷ್ಟಕ ಹೊಸದು ಮಾಡದಿದ್ದರೆ ಮೇಲಿನ 250 ದಿನವನ್ನೂ ನಂಬುವಂತಿಲ್ಲ.

ತಮ್ಮ ಪತ್ರಿಕೆಗೆ ನಮ್ಮ ಕೋರಿಕೆ ಇಷ್ಟೇ: ವಾರಕ್ಕೊಮ್ಮೆ ನಾಲ್ಕು ಅಂಕಿ ಪ್ರಕಟಿಸಿ. ಬಳಕೆಗೆ ಸಿಗುವ ಸಂಗ್ರಹ, ಆ ವಾರ ದಿನಕ್ಕೆ ಸರಾಸರಿ ಎತ್ತಿದ ನೀರು, ಆವಿಯಾದ ನೀರು, ಉಳಿದ ದಿನಗಳು. ಅಧಿಕಾರಿಗಳು ಕೊಡಲು ಹಿಂಜರಿದರೆ ಯಾವ ಅಂಕಿ ಕೊಡಲಿಲ್ಲ ಎಂಬುದೇ ಸುದ್ದಿ.

ದಿನಗಳ ಲೆಕ್ಕ ಕೈಯಲ್ಲಿದ್ದರೆ, ಕಡಿತ ಯಾವಾಗ ಶುರುವಾಗಬೇಕು ಎಂಬ ವಾದವೂ ಬಹುಮಟ್ಟಿಗೆ ಮುಗಿಯುತ್ತದೆ. ಅದೇ ನಗರದಲ್ಲಿ ಮುಂದಿನ ಒಳಹರಿವು 250 ದಿನದ ಹೊತ್ತಿಗೆ ಬರಬಹುದು, ತಡವಾದರೆ ಇರಲಿ ಎಂದು ಇನ್ನು 60 ದಿನ, ಒಟ್ಟು 310 ದಿನ ನೀರು ಬರಬೇಕು. ಇವತ್ತೇ ಬಿಗಿ ಹಿಡಿದರೆ ದಿನಕ್ಕೆ ಆವಿ ಸೇರಿ 14.5 ಕೋಟಿ ಲೀಟರ್ ಖರ್ಚು ಮಾಡಬಹುದು. ಪಂಪ್‌ಗೆ ಉಳಿಯುವುದು 11.5 ಕೋಟಿ. ಅಂದರೆ ಶೇ 23ರಷ್ಟು ಕಡಿತ. ನೋಡೋಣ ಎಂದು 100 ದಿನ ಕಾದರೆ ಬೇಕಾಗುವ ಕಡಿತ ಶೇ 34. ಕಾದದ್ದು 150 ದಿನವಾದರೆ ಶೇ 45. ನೀರು ಕಡಿಮೆಯಾದಂತೆ ಹರವು ಕುಗ್ಗಿ ಆವಿಯೂ ಸ್ವಲ್ಪ ತಗ್ಗುತ್ತದೆ, ಸರಳತೆಗಾಗಿ ಅದನ್ನು ಇಲ್ಲಿ ಬಿಟ್ಟಿದ್ದೇವೆ; ಫಲಿತಾಂಶ ಹೆಚ್ಚು ಬದಲಾಗದು.

ಶೇ 45 ಎಂದರೆ ಮನೆಗಳಿಗೆ ಶೇ 55 ಸಿಗುತ್ತದೆ ಎಂದು ತಿಳಿಯಬಾರದು. ಎತ್ತಿದ 15 ಕೋಟಿಯಲ್ಲಿ ಶೇ 30, ಅಂದರೆ 4.5 ಕೋಟಿ ಲೀಟರ್, ಕೊಳವೆಯಲ್ಲೇ ಸೋರುತ್ತಿದೆ ಎನ್ನಿ. ಕೊಳವೆಗೆ ಬರವಿದೆ ಎಂದು ಗೊತ್ತಿಲ್ಲ. ಒತ್ತಡ ಇದ್ದಷ್ಟು ಕಾಲ ಅದು ಅಷ್ಟೇ ಸೋರುತ್ತದೆ. 8.25 ಕೋಟಿ ಎತ್ತಿ 4.5 ಕೋಟಿ ಸೋರಿದರೆ ಜನರಿಗೆ ಮುಟ್ಟುವುದು 3.75 ಕೋಟಿ. ತಲೆಗೆ 105 ಲೀಟರ್ ಇದ್ದದ್ದು ಸುಮಾರು 37 ಲೀಟರಿಗೆ ಇಳಿಯುತ್ತದೆ. ಸೋರಿಕೆ ಸರಿಪಡಿಸುವುದು ನಿಧಾನದ ಕೆಲಸ, ಬರ ಬಂದಾಗ ಅದಕ್ಕೆ ಸಮಯವಿಲ್ಲ ಎನ್ನುವ ವಾದಕ್ಕೆ ಈ ಒಂದು ಲೆಕ್ಕವೇ ಉತ್ತರವಾಗಬೇಕು.

ಒಳಹರಿವಿನ ಅಂದಾಜಿನಲ್ಲಿ ಆಗುವ ತಪ್ಪು ಇದಕ್ಕಿಂತ ದೊಡ್ಡದು. ಮಳೆ ಶೇ 20 ಕಡಿಮೆಯಾದರೆ ಜಲಾಶಯಕ್ಕೆ ಬರುವ ನೀರೂ ಶೇ 20 ಕಡಿಮೆಯಾಗುತ್ತದೆ ಎಂದು ನೀರಿನ ಬಜೆಟ್ ಬರೆಯುವವರು ಭಾವಿಸುತ್ತಾರೆ. ಆದರೆ ಒಣಗಿದ ಮಣ್ಣು ಮೊದಲು ತನ್ನ ದಾಹ ತೀರಿಸಿಕೊಳ್ಳುತ್ತದೆ, ಗಿಡಮರಗಳು ತಮ್ಮ ಪಾಲು ಹೀರುತ್ತವೆ, ಮೇಲ್ದಂಡೆಯ ಚಿಕ್ಕಪುಟ್ಟ ಕಟ್ಟೆಗಳು ತುಂಬಬೇಕು. ಮಿಕ್ಕದ್ದು ಮಾತ್ರ ಹಳ್ಳಕ್ಕೆ. ಆಸ್ಟ್ರೇಲಿಯಾದ ಪರ್ತ್ ನಗರದ ಸುತ್ತ 1970ರ ದಶಕದ ಮಧ್ಯದಿಂದ ಮಳೆ ಇಳಿದದ್ದು ಶೇ 15ರಿಂದ 20ರ ಆಸುಪಾಸು. ಅಲ್ಲಿನ ಅಣೆಕಟ್ಟುಗಳ ಒಳಹರಿವು ಮಾತ್ರ ಕಾಲಕ್ರಮದಲ್ಲಿ ಅರ್ಧಕ್ಕಿಂತಲೂ ಕೆಳಗೆ ಹೋಯಿತು. ಆ ನಗರ ಈಗ ಬಹುಪಾಲು ಸಮುದ್ರದ ನೀರಿನ ಶುದ್ಧೀಕರಣ ಮತ್ತು ಅಂತರ್ಜಲದ ಮೇಲೆ ನಿಂತಿದೆ.

ಆದ್ದರಿಂದ ಸರಾಸರಿ ವರ್ಷಕ್ಕೆ ಯೋಜನೆ ಮಾಡುವುದು ವ್ಯರ್ಥ. ದಾಖಲೆಯಲ್ಲಿರುವ ಅತಿ ಕೆಟ್ಟ ಮೂರು ಸತತ ವರ್ಷಗಳನ್ನು ತೆಗೆದುಕೊಂಡು, ಇವತ್ತಿನ ಬೇಡಿಕೆಯನ್ನು ಅದರ ಮೇಲೆ ಓಡಿಸಿ ನೋಡಬೇಕು. ಅದಕ್ಕಿಂತ ಒಳ್ಳೆಯದು, ಇವತ್ತಿನ ಸಂಗ್ರಹದಿಂದ ಶುರುಮಾಡಿ ಹಿಂದಿನ ಪ್ರತಿಯೊಂದು ವರ್ಷದ ಒಳಹರಿವನ್ನು ಒಂದೊಂದಾಗಿ ಹಾಕುವುದು. 40 ವರ್ಷದ ದಾಖಲೆಯಿದ್ದರೆ 40 ಭವಿಷ್ಯಗಳು ಸಿಗುತ್ತವೆ; ಅವುಗಳಲ್ಲಿ ಎಷ್ಟರಲ್ಲಿ ನೀರು ಮುಗಿಯಿತು ಎಂದು ಎಣಿಸಿದರೆ ಅದೇ ಅಪಾಯದ ಪ್ರಮಾಣ. ಸಾಧಾರಣ ಲ್ಯಾಪ್‌ಟಾಪ್‌ನ ಸ್ಪ್ರೆಡ್‌ಶೀಟ್ ಸಾಕು. ಪ್ರತಿ ತಿಂಗಳ ಮೊದಲ ವಾರ ಇದನ್ನು ಮಾಡುವ ಒಬ್ಬ ಎಂಜಿನಿಯರ್ ಇಲ್ಲದ ಜಲಮಂಡಳಿ ಕೋಟ್ಯಂತರ ವೆಚ್ಚದ ಸಾಫ್ಟ್‌ವೇರ್ ಕೊಂಡರೂ ಪ್ರಯೋಜನವಿಲ್ಲ.

ಇನ್ನು ಆದೇಶದ ಮಾತು. ಬರದ ಆದೇಶವನ್ನು ಜಲಾಶಯ ತುಂಬಿ ಕೋಡಿ ಹರಿಯುವಾಗಲೇ ಬರೆದು, ಕೌನ್ಸಿಲ್‌ನಲ್ಲಿ ಅಂಗೀಕರಿಸಿ, ಗೆಜೆಟ್‌ನಲ್ಲಿ ಪ್ರಕಟಿಸಿ ಇಟ್ಟಿರಬೇಕು. ಮಟ್ಟದ ಜೊತೆ ತಾರೀಕೂ ಇರಬೇಕು, ಏಕೆಂದರೆ ಮಳೆಗಾಲ ಮುಗಿದ ತಿಂಗಳಲ್ಲಿ ಶೇ 60 ಇದ್ದರೆ ಅದು ಗಂಭೀರ. ಮಳೆಗಾಲದ ಹೊಸ್ತಿಲಲ್ಲಿ ಶೇ 30 ಇದ್ದರೂ ಗಾಬರಿಯಿಲ್ಲ. ಪ್ರತಿ ತಿಂಗಳ ಒಂದನೇ ತಾರೀಕಿಗೆ ಜಲಾಶಯದ ಮಟ್ಟಕ್ಕೆ ನಾಲ್ಕು ಗೆರೆ ಎಳೆಯಿರಿ. ಮೊದಲ ಗೆರೆ ದಾಟಿದರೆ ಸೋರಿಕೆ ತಂಡಗಳು ದುಪ್ಪಟ್ಟು, ಕುಡಿಯುವ ನೀರಿನಲ್ಲಿ ಉದ್ಯಾನ ತೊಯ್ಸುವುದು ಬಂದ್. ಎರಡನೆಯದಕ್ಕೆ ರಾತ್ರಿ ಒತ್ತಡ ಇಳಿಕೆ, ದೊಡ್ಡ ಗ್ರಾಹಕರಿಗೆ ಕೋಟಾ, ಬರದ ದರ ಜಾರಿ. ಮೂರನೆಯದಕ್ಕೆ ಮೀಸಲು ಬಾವಿಗಳು ಚಾಲೂ, ಮನೆಗಳಿಗೆ ಲೀಟರ್ ಮಿತಿ. ನಾಲ್ಕನೆಯದು ಬದುಕಿಗೆ ಬೇಕಾದಷ್ಟು ಮಾತ್ರ. ಪ್ರತಿ ಗೆರೆಯ ಮುಂದೆ ಎಷ್ಟು ಕೋಟಿ ಲೀಟರ್ ಉಳಿಯಬೇಕು, ಯಾರು ಸಹಿ ಹಾಕಬೇಕು, ಎಷ್ಟು ದಿನದೊಳಗೆ ಎಂದು ಬರೆದಿರಲಿ. ಗೆರೆ ದಾಟಿದ ಮೇಲೆ ಸಭೆ ಕರೆದು ಚರ್ಚಿಸುವ ಅವಕಾಶ ಇಟ್ಟರೆ ಚುನಾವಣೆಯೋ ಜಾತ್ರೆಯೋ ಅಡ್ಡ ಬಂದೇ ಬರುತ್ತದೆ. ಮೇಲೆ ಹೇಳಿದ 100 ದಿನ ಕೈಜಾರುವುದು ಹೀಗೆಯೇ.

ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರದ್ದು ಎಲ್ಲರಿಗೂ ಗೊತ್ತಿರುವ ಉದಾಹರಣೆ, ಆದರೂ ಅದರ ವಿವರ ನೋಡಿದವರು ಕಡಿಮೆ. 2015, 2016, 2017, ಮೂರು ವರ್ಷ ಸಾಲಾಗಿ ಮಳೆ ಸೊರಗಿತು. 2018ರ ಫೆಬ್ರುವರಿಯಿಂದ ತಲೆಗೆ ದಿನಕ್ಕೆ 50 ಲೀಟರ್ ಮಿತಿ ಬಂತು. ಅಣೆಕಟ್ಟುಗಳು ಶೇ 13.5ಕ್ಕೆ ಇಳಿದ ದಿನ ಮನೆಯ ನಲ್ಲಿಗಳು ಬಂದ್, ಸುಮಾರು 200 ಕೇಂದ್ರಗಳಲ್ಲಿ ತಲೆಗೆ 25 ಲೀಟರ್ ಎಂದು ಘೋಷಿಸಿದ್ದರು. ಆ 13.5ಕ್ಕೆ ಕಾರಣವಿತ್ತು: ಕೊನೆಯ ಶೇ 10ರಷ್ಟು ನೀರನ್ನು ಎತ್ತುವುದು ಕಷ್ಟ. 2015ರ ಆರಂಭದಲ್ಲಿ ದಿನಕ್ಕೆ ಸುಮಾರು 120 ಕೋಟಿ ಲೀಟರ್ ಇದ್ದ ಬಳಕೆ 2018ರ ಹೊತ್ತಿಗೆ 50 ಕೋಟಿಯ ಆಸುಪಾಸಿಗೆ ಬಂದಿತ್ತು. ಅದರಲ್ಲಿ ಜನರ ಸಹಕಾರದ ಜೊತೆಗೆ ಒಂದು ಪಾಲು ಕೊಳವೆ ಜಾಲದ ಒತ್ತಡ ಇಳಿಸಿದ್ದಕ್ಕೂ, ಮಿತಿ ಮೀರಿದ ಮನೆಗಳಿಗೆ ದಿನದ ಪಾಲು ಮುಗಿದೊಡನೆ ನೀರು ನಿಲ್ಲಿಸುವ ಸಾಧನ ಕೂಡಿಸಿದ್ದಕ್ಕೂ ಸಲ್ಲಬೇಕು. ಕೃಷಿಯ ಪಾಲು ಕಡಿತವಾಯಿತು, ರೈತರ ಒಂದು ಸಂಘ ತನ್ನ ಜಲಾಶಯದಿಂದ 1,000 ಕೋಟಿ ಲೀಟರ್ ಬಿಟ್ಟುಕೊಟ್ಟಿತು, ಆಮೇಲೆ ಮಳೆಯೂ ಬಂತು. ನಲ್ಲಿ ಬಂದ್ ಆಗುವ ದಿನ ಬರಲೇ ಇಲ್ಲ.

ಒತ್ತಡದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬರದ ವರ್ಷದಲ್ಲಿ ತೀರಾ ಬೇಗ, ತೀರಾ ಕಡಿಮೆ ಖರ್ಚಿನಲ್ಲಿ ನೀರು ಉಳಿಸುವ ದಾರಿ ಇದೇ. ಹೆಚ್ಚು ಕಡೆಗಣನೆಗೆ ಒಳಗಾದದ್ದೂ ಇದೇ. ಕೊಳವೆಯಲ್ಲಿ 6 ಮಿಲಿಮೀಟರ್ ವ್ಯಾಸದ ಒಂದು ತೂತಿದೆ ಎನ್ನಿ, ಪೆನ್ಸಿಲ್‌ಗಿಂತ ತೆಳು. ಒತ್ತಡ 50 ಮೀಟರ್ (ಅಷ್ಟು ಎತ್ತರದ ನೀರಿನ ಕಂಬದ ಒತ್ತಡ) ಇದ್ದರೆ ಅದರಿಂದ ದಿನಕ್ಕೆ ಸುಮಾರು 46,000 ಲೀಟರ್ ಹೋಗುತ್ತದೆ. 20 ಮೀಟರಿಗೆ ಇಳಿಸಿದರೆ 29,000 ಲೀಟರ್. ಇದು ಕಬ್ಬಿಣದ ಕೊಳವೆಯ ದುಂಡನೆ ತೂತಿನ ಲೆಕ್ಕ. ಪ್ಲಾಸ್ಟಿಕ್ ಕೊಳವೆಯ ಉದ್ದನೆ ಸೀಳು ಒತ್ತಡ ಹೆಚ್ಚಿದಷ್ಟೂ ಬಾಯಿ ತೆರೆದುಕೊಳ್ಳುತ್ತದೆ, ಆದ್ದರಿಂದ ಒತ್ತಡ ಇಳಿಸಿದಾಗ ಉಳಿತಾಯವೂ ಹೆಚ್ಚು. ಇಡೀ ಜಾಲಕ್ಕೆ ಹಿಡಿಯುವ ರೂಢಿಯ ಅಂದಾಜು: ಒತ್ತಡ ಶೇ 10 ಇಳಿದರೆ ಸೋರಿಕೆಯೂ ಸುಮಾರು ಶೇ 10 ಇಳಿಯುತ್ತದೆ. ಹೊಸದಾಗಿ ಪೈಪ್ ಒಡೆಯುವುದೂ ಕಡಿಮೆಯಾಗುತ್ತದೆ.

ಇದಕ್ಕೆ ಮೊದಲು ಜಾಲವನ್ನು ವಲಯಗಳಾಗಿ ಬೇರ್ಪಡಿಸಬೇಕು. ಒಂದು ವಲಯಕ್ಕೆ 500ರಿಂದ 3,000 ಸಂಪರ್ಕ, ನೀರು ಒಳಬರುವುದು ಒಂದೇ ಕೊಳವೆಯಿಂದ, ಒಟ್ಟು ಹರಿವು ಅಳೆಯಲು ಅದಕ್ಕೊಂದು ಬಲ್ಕ್ ಮೀಟರ್, ಅದರ ಮುಂದೆ ಒತ್ತಡ ತಗ್ಗಿಸುವ ವಾಲ್ವ್, ವಲಯದ ಅತಿ ಎತ್ತರದ ಜಾಗದಲ್ಲಿ ಒತ್ತಡ ದಾಖಲಿಸುವ ಒಂದು ಪ್ರೆಶರ್ ಲಾಗರ್. ಸುತ್ತಲಿನ ಗಡಿ ವಾಲ್ವ್‌ಗಳು ನಿಜಕ್ಕೂ ಮುಚ್ಚಿವೆಯೇ ಎಂದು ಪರೀಕ್ಷಿಸುವುದೇ ಈ ಕೆಲಸದ ಅರ್ಧ ಭಾಗ. ಒಳಬರುವ ವಾಲ್ವ್ ಮುಚ್ಚಿ ಒತ್ತಡ ಸೊನ್ನೆಗೆ ಇಳಿಯದಿದ್ದರೆ ಎಲ್ಲೋ ಗುಪ್ತ ಸಂಪರ್ಕ ಇದೆ ಎಂದೇ ಅರ್ಥ. ನಕ್ಷೆಯಲ್ಲಿ ಕಾಣದ, ವಾಲ್ವ್‌ಮ್ಯಾನ್‌ಗಳಿಗೆ ಮಾತ್ರ ಗೊತ್ತಿರುವ ಇಂಥ ಸಂಪರ್ಕಗಳು ಎಲ್ಲ ಹಳೆಯ ಊರುಗಳಲ್ಲೂ ಇರುತ್ತವೆ. ಅವರು ನಿವೃತ್ತರಾಗುವ ಮುನ್ನ ಅವರನ್ನು ಜೊತೆಗೆ ಕರೆದುಕೊಂಡು ಒಂದು ಸುತ್ತು ಹಾಕಿ ನಕ್ಷೆ ತಿದ್ದಿಕೊಂಡ ಜಲಮಂಡಳಿ ಬುದ್ಧಿವಂತರದು.

ವಲಯ ಬಿಗಿಯಾದ ಮೇಲೆ ರಾತ್ರಿ 2ರಿಂದ 4 ಗಂಟೆಯ ಹರಿವು ನೋಡಬೇಕು. ಆ ಹೊತ್ತಿಗೆ ಊರು ಮಲಗಿರುತ್ತದೆ, ಮೀಟರ್ ತೋರಿಸುವುದು ಬಹುಪಾಲು ಸೋರಿಕೆಯನ್ನೇ. ಆದರೆ ಮನೆಮನೆಗೂ ಸಂಪ್ ಇರುವ ಕಡೆ ಫ್ಲೋಟ್ ವಾಲ್ವ್ ಕೆಟ್ಟ ಸಂಪ್‌ಗಳು ರಾತ್ರಿಯೆಲ್ಲ ತುಂಬಿ ಚೆಲ್ಲುತ್ತಿರುತ್ತವೆ; ಅದನ್ನು ಕೊಳವೆಯ ಸೋರಿಕೆ ಎಂದು ಅಗೆಯುತ್ತ ಹೋದರೆ ರಸ್ತೆ ಹಾಳಾದದ್ದೇ ಬಂತು. ಮೊದಲು ಮನೆ ಮೀಟರ್ ನೋಡಿ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಒಂದೊಂದು ಬೀದಿಯ ವಾಲ್ವ್ ಮುಚ್ಚುತ್ತ ಹೋಗಿ, ಹರಿವು ಧಡಕ್ಕನೆ ಇಳಿದ ಬೀದಿಯಲ್ಲಿ ಶಬ್ದ ಪತ್ತೆ ಯಂತ್ರ ಹಿಡಿದು ಜಾಗ ಗುರುತಿಸಬೇಕು. ರಸ್ತೆ ಮೇಲೆ ಚಿಮ್ಮುವ ದೊಡ್ಡ ಒಡಕು ಹೆಚ್ಚು ನೀರು ತಿನ್ನುವುದಿಲ್ಲ. ಒಂದು ದಿನದಲ್ಲಿ ಯಾರಾದರೂ ಫೋನ್ ಮಾಡುತ್ತಾರೆ. ತಿಂಗಳುಗಟ್ಟಲೆ ಮಣ್ಣೊಳಗೆ ಇಂಗುತ್ತ, ಪಕ್ಕದ ಚರಂಡಿಗೆ ಸೇರುತ್ತ ಇರುವ ಮನೆ ಸಂಪರ್ಕದ ಜಾಯಿಂಟ್‌ಗಳೇ ನಿಜವಾದ ಕಳ್ಳರು.

ಒತ್ತಡ ಇಳಿಸುವಾಗ ಎರಡು ಎಚ್ಚರಿಕೆ ಬೇಕು. ಅಗ್ನಿಶಾಮಕ ಹೈಡ್ರಂಟ್‌ಗಳಿಗೆ ಬೇಕಾದ ಹರಿವು ಉಳಿದಿದೆಯೇ ನೋಡಬೇಕು. ಎತ್ತರದ ಬಡಾವಣೆಗಳಿಗೆ, ಆಸ್ಪತ್ರೆಗಳಿಗೆ ಬೂಸ್ಟರ್ ವ್ಯವಸ್ಥೆ ಬೇರೆ ಇರಬೇಕು. ಮನೆಯವರು ಮುಖ್ಯ ಕೊಳವೆಗೇ ನೇರವಾಗಿ ಮೋಟರ್ ಹಾಕಿ ಎಳೆಯತೊಡಗಿದರೆ ಮಾಡಿದ್ದೆಲ್ಲ ಕೆಟ್ಟಂತೆ. ಪಕ್ಕದ ಮನೆಯ ನೀರೂ ಹೋಗುತ್ತದೆ, ಕೊಳವೆಯಲ್ಲಿ ಹೊರಗಿನ ಕೊಳಚೆಯನ್ನು ಒಳಗೆಳೆಯುವ ಋಣ ಒತ್ತಡವೂ ಉಂಟಾಗುತ್ತದೆ.

ಬಹಳಷ್ಟು ನಗರಗಳು ಇದನ್ನೆಲ್ಲ ಬಿಟ್ಟು ಸುಲಭದ ದಾರಿ ಹಿಡಿಯುತ್ತವೆ: ದಿನ ಬಿಟ್ಟು ದಿನ ನೀರು, ವಾರಕ್ಕೆರಡು ಬಾರಿ ನೀರು. ವಾಲ್ವ್ ತಿರುಗಿಸಿದರೆ ಆಯಿತು, ಯಾವ ಮೀಟರೂ ಬೇಡ. ಆದರೆ ಗಂಟೆ ಕಡಿತ ಮಾಡಿದರೆ ಬೇಡಿಕೆ ಕಡಿತವಾಗುವುದಿಲ್ಲ. ದೊಡ್ಡ ಸಂಪ್ ಇದ್ದವರು ಬಂದಾಗಲೇ ತುಂಬಿಸಿಕೊಳ್ಳುತ್ತಾರೆ, ಬಿಂದಿಗೆ ಹಿಡಿದು ನಿಲ್ಲುವವರ ಪಾಲು ಮಾತ್ರ ಕರಗುತ್ತದೆ. ಕೊಳವೆಯ ಕೊನೆಯಲ್ಲಿರುವ ಮನೆಗಳಿಗೆ ನೀರು ಮುಟ್ಟುವ ಹೊತ್ತಿಗೆ ವಾಲ್ವ್ ಮುಚ್ಚುವ ಸಮಯವಾಗಿರುತ್ತದೆ. ಕೊಳವೆ ಖಾಲಿಯಾದಾಗ, ಸೋರುತ್ತಿದ್ದ ಅದೇ ತೂತುಗಳಿಂದ ಸುತ್ತಲಿನ ಕೊಳಚೆ ಒಳಗೆ ಬರುತ್ತದೆ. ಮರುದಿನ ಮೊದಲ ನೀರಿನ ಜೊತೆ ಅದು ಅಡುಗೆಮನೆಗೆ ಹೋಗುತ್ತದೆ. ಒಳನುಗ್ಗುವ ನೀರು ಗಾಳಿಯನ್ನು ತಳ್ಳುವುದರಿಂದ ಮೀಟರ್ ಸುಮ್ಮನೆ ಓಡುತ್ತದೆ, ಬಿಲ್ ಜಗಳ ಬೇರೆ. ದಿನವೂ ತುಂಬಿ ಬರಿದಾಗುವ ಕೊಳವೆ ಒತ್ತಡದ ಹೊಡೆತಕ್ಕೆ ಬೇಗ ಒಡೆಯುತ್ತದೆ. ಒಮ್ಮೆ ಈ ಪದ್ಧತಿಗೆ ಇಳಿದ ಊರು ಬರ ಮುಗಿದ ಮೇಲೂ ಅದರಿಂದ ಹೊರಬರುವುದು ಅಪರೂಪ. ಅನಿವಾರ್ಯವಾಗಿ ಮಾಡಲೇಬೇಕಾದರೆ, ಕೊಳವೆಯ ತುತ್ತತುದಿಯ ನಲ್ಲಿಯಲ್ಲೂ ಪ್ರತಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇದೆಯೇ ಎಂದು ಪ್ರತಿ ಸರದಿಯಲ್ಲೂ ಅಳೆಯಬೇಕು.

ಕೊಳವೆಬಾವಿಗಳ ಮೇಲೆ ಇರುವ ಭರವಸೆಯೂ ಅತಿ. ಗಟ್ಟಿ ಶಿಲೆಯ ಪ್ರದೇಶದಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಕಲ್ಲಿನ ಒಟ್ಟು ಗಾತ್ರದ ಶೇ 1ರಿಂದ 3ರಷ್ಟು ಸಿಕ್ಕರೆ ಹೆಚ್ಚು. 100 ಚದರ ಕಿಲೋಮೀಟರ್ ಊರಿನ ಅಂತರ್ಜಲವನ್ನು ಪೂರ್ತಿ 1 ಮೀಟರ್ ಇಳಿಸಿದರೆ, ಶೇ 1ರ ಲೆಕ್ಕದಲ್ಲಿ ಸಿಗುವುದು 100 ಕೋಟಿ ಲೀಟರ್. ನಮ್ಮ ಮಾದರಿ ನಗರಕ್ಕೆ ಅದು ಏಳು ದಿನದ ನೀರೂ ಅಲ್ಲ. ಆದ್ದರಿಂದ ಒಳ್ಳೆಯ ವರ್ಷಗಳಲ್ಲಿ ನಗರದ ಬಾವಿಗಳಿಗೆ ವಿಶ್ರಾಂತಿ ಕೊಟ್ಟು, ಮೇಲ್ಮೈ ನೀರು ಬಳಸಿ, ಬರಕ್ಕೆಂದು ಅವನ್ನು ಕಾಯ್ದಿಡಬೇಕು. ನಡೆಯುತ್ತಿರುವುದು ಇದಕ್ಕೆ ತಿರುವುಮುರುವು: ಎರಡನ್ನೂ ಎಲ್ಲ ವರ್ಷವೂ ಹಿಂಡಿ, ಬರ ಬಂದಾಗ ಹೊಸ ಬಾವಿ ಕೊರೆಯುವುದು. ಆಳಕ್ಕೆ ಹೋದಂತೆ ಫ್ಲೋರೈಡ್‌ನಂಥ ಸಮಸ್ಯೆಯೂ ಎದುರಾಗಬಹುದು. ಮೀಸಲು ಬಾವಿ ಎಂದರೆ ಬೀಗ ಹಾಕಿ ಮರೆಯುವುದಲ್ಲ; ತಿಂಗಳಿಗೊಮ್ಮೆ ಪಂಪ್ ಓಡಿಸಿ, ಪಂಪ್ ನಿಂತಿರುವಾಗಿನ ನಿಶ್ಚಲ ಮಟ್ಟ, ಪಂಪ್ ಮಾಡುವಾಗಿನ ಮಟ್ಟ ಎರಡನ್ನೂ ಬರೆದಿಟ್ಟು, ವರ್ಷಕ್ಕೊಮ್ಮೆ ನೀರಿನ ಪರೀಕ್ಷೆ ಮಾಡಿಸಬೇಕು. ಇಲ್ಲವಾದರೆ ಬೇಕಾದ ದಿನ ಮೋಟರ್ ಜಾಮ್ ಆಗಿರುತ್ತದೆ, ಕೇಬಲ್ ಕಳುವಾಗಿರುತ್ತದೆ.

ಮಳೆನೀರು ಇಂಗಿಸುವುದು ಒಳ್ಳೆಯದೇ. ತಮಿಳುನಾಡು 2003ರಲ್ಲಿ ಅದನ್ನು ಕಟ್ಟಡಗಳಿಗೆ ಕಡ್ಡಾಯ ಮಾಡಿತು. 2019ರಲ್ಲಿ ಚೆನ್ನೈನ ಜಲಾಶಯಗಳು ಬತ್ತಿದಾಗ ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ತರಬೇಕಾಯಿತು ಎಂಬುದೂ ನಿಜ. ಒಂದು ರೈಲು ಹೊತ್ತದ್ದು 25 ಲಕ್ಷ ಲೀಟರ್. 15 ಕೋಟಿ ಬೇಕಿರುವ ನಗರಕ್ಕೆ ದಿನಕ್ಕೆ 60 ರೈಲು ಬೇಕಾಗುತ್ತದೆ. ರೈಲಿನ ಮಾರ್ಗ ಪೂರ್ತಿ ಪರಿಹಾರ ಅಲ್ಲ ಎನ್ನಲು ಇಷ್ಟು ಸಾಕು. ಇಂಗುಗುಂಡಿಗಳ ತೊಂದರೆ ನಿರ್ವಹಣೆಯದು. ಛಾವಣಿಯ ಮೊದಲ 1ರಿಂದ 2 ಮಿಲಿಮೀಟರ್ ಮಳೆಯನ್ನು ಹೊರಬಿಡಬೇಕು: 100 ಚದರ ಮೀಟರ್ ಛಾವಣಿಗೆ 100ರಿಂದ 200 ಲೀಟರ್. ಉಳಿದದ್ದನ್ನು ಜಲ್ಲಿ, ಮರಳಿನ ಮೂಲಕ ಸೋಸಿ ಇಳಿಸಬೇಕು. ಪ್ರತಿ ಮಳೆಗಾಲಕ್ಕೆ ಮೊದಲು ಮೇಲಿನ ಮರಳು ತೆಗೆದು ತೊಳೆಯದಿದ್ದರೆ ಎರಡು ವರ್ಷದಲ್ಲಿ ಗುಂಡಿ ಸೊಳ್ಳೆಯ ತೊಟ್ಟಿಯಾಗುತ್ತದೆ. ರಸ್ತೆಯ ನೀರನ್ನು ನೇರವಾಗಿ ಕೊಳವೆಬಾವಿಯೊಳಗೆ ಬಿಡುವುದು ಮಾತ್ರ ಸಲ್ಲದು. ಎಣ್ಣೆಯೂ ಕೊಳಚೆಯೂ ಒಮ್ಮೆ ಕೆಳಗೆ ಹೋದರೆ ಹೊರತೆಗೆಯುವ ದಾರಿಯಿಲ್ಲ.

ಬರದಲ್ಲೂ ದಿನವೂ ಹರಿಯುವ ನದಿಯೊಂದು ಪ್ರತಿ ನಗರದಲ್ಲಿದೆ: ಅದರ ಒಳಚರಂಡಿ. ನಮೀಬಿಯಾದ ವಿಂಡ್‌ಹುಕ್ 1968ರಿಂದಲೇ ಶುದ್ಧೀಕರಿಸಿದ ತ್ಯಾಜ್ಯನೀರನ್ನು ಕುಡಿಯುವ ನೀರಿನ ಜಾಲಕ್ಕೆ ಸೇರಿಸುತ್ತಿದೆ. ಸಿಂಗಪುರ 2003ರಿಂದ ಅಂಥ ನೀರನ್ನು ಮುಖ್ಯವಾಗಿ ಕಾರ್ಖಾನೆಗಳಿಗೂ ಸ್ವಲ್ಪ ಭಾಗವನ್ನು ಜಲಾಶಯಗಳಿಗೂ ಕೊಡುತ್ತಿದೆ. ಎಲ್ಲ ಊರೂ ಅಷ್ಟು ದೂರ ಹೋಗಬೇಕಿಲ್ಲ. ಉದ್ಯಾನ, ಕಟ್ಟಡ ಕಾಮಗಾರಿ, ಯಂತ್ರಗಳ ಬಿಸಿ ನೀರನ್ನು ತಣಿಸುವ ಕೂಲಿಂಗ್ ಟವರ್, ಶೌಚಾಲಯದ ಫ್ಲಶ್ ಇವುಗಳಿಗೆ ಕುಡಿಯುವ ನೀರು ಕೊಡುವುದನ್ನು ನಿಲ್ಲಿಸಿದರೆ ದೊಡ್ಡ ಪಾಲು ಉಳಿಯುತ್ತದೆ. ಕೊಳವೆಗೆ ಬೇರೆ ಬಣ್ಣ, ಬೇರೆ ಅಳತೆಯ ಜೋಡಣೆ ಇರಲಿ. ವರ್ಷಕ್ಕೊಮ್ಮೆ ಒಂದು ಜಾಲ ಮುಚ್ಚಿ ಇನ್ನೊಂದರ ನಲ್ಲಿ ತೆರೆದು, ಎಲ್ಲಾದರೂ ಎರಡೂ ಕೂಡಿಕೊಂಡಿವೆಯೇ ನೋಡಲಿ. ಪ್ಲಂಬರ್‌ನ ಒಂದು ಅಡ್ಡ ಜೋಡಣೆ ಇಡೀ ಅಪಾರ್ಟ್‌ಮೆಂಟನ್ನು ಆಸ್ಪತ್ರೆಗೆ ಸೇರಿಸಬಲ್ಲದು.

ಇಲ್ಲೊಂದು ಸೂಕ್ಷ್ಮವಿದೆ, ಯೋಜನಾ ವರದಿಗಳಲ್ಲಿ ಇದು ತಪ್ಪಿಹೋಗುತ್ತದೆ. ಜನ ನೀರು ಉಳಿಸಿದರೆ ಕೊಳಚೆ ಶುದ್ಧೀಕರಣ ಘಟಕಕ್ಕೆ (ಎಸ್‌ಟಿಪಿ) ಬರುವ ನೀರೂ ಇಳಿಯುತ್ತದೆ. ಒಳ್ಳೆಯ ವರ್ಷದ ಹರಿವು ನಂಬಿ ಕಾರ್ಖಾನೆಗಳಿಗೆ ಮರುಬಳಕೆ ನೀರಿನ ಒಪ್ಪಂದ ಮಾಡಿಕೊಂಡರೆ ಬರದಲ್ಲಿ ಕೊಡಲಾಗದು. ಬರುವ ಕೊಳಚೆ ಗಟ್ಟಿಯಾಗಿರುತ್ತದೆ, ಅಮೋನಿಯಾ ಏರುತ್ತದೆ, ಗಾಳಿ ಊದುವ ಬ್ಲೋವರ್‌ಗಳು ಸಾಲದಾಗುತ್ತವೆ. ಇಳಿಜಾರು ಕಡಿಮೆಯಿರುವ ಒಳಚರಂಡಿಯಲ್ಲಿ ಘನ ಪದಾರ್ಥ ಕೂತು ಮ್ಯಾನ್‌ಹೋಲ್ ಉಕ್ಕುತ್ತದೆ, ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಕಾಂಕ್ರೀಟ್ ಕೊಳವೆಯನ್ನು ತಿನ್ನುತ್ತದೆ. ನೀರು ಚಿಮ್ಮಿಸಿ ಚರಂಡಿ ತೊಳೆಯುವ ಜೆಟ್ಟಿಂಗ್ ಯಂತ್ರಗಳ ಸುತ್ತು ಹೆಚ್ಚಿಸುವುದು ಬರದ ಯೋಜನೆಯೊಳಗೇ ಇರಬೇಕು. ಅದಕ್ಕೂ ಶುದ್ಧೀಕರಿಸಿದ ನೀರೇ ಸಾಕು. ಮ್ಯಾನ್‌ಹೋಲ್‌ಗೆ ಮನುಷ್ಯರನ್ನು ಇಳಿಸುವ ಮಾತು ಯಾವ ಕಾರಣಕ್ಕೂ ಬರಬಾರದು. ಆ ಅನಿಲ ಹೆಚ್ಚಿರುವುದೇ ಇಂಥ ದಿನಗಳಲ್ಲಿ.

ಸಮುದ್ರದ ಬದಿಯ ನಗರಗಳು ಉಪ್ಪುನೀರನ್ನು ಸಿಹಿನೀರು ಮಾಡುವ ಸ್ಥಾವರದ ಕನಸು ಕಾಣುತ್ತವೆ. 1,000 ಲೀಟರಿಗೆ 3ರಿಂದ 4 ಯೂನಿಟ್ ವಿದ್ಯುತ್ ಬೇಕು, ಎಳೆದ ಸಮುದ್ರದ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಪ್ಪುಗಟ್ಟಿ ವಾಪಸ್ ಹೋಗುತ್ತದೆ, ಕಟ್ಟಲು ವರ್ಷಗಳು ಬೇಕು. ಮೆಲ್ಬರ್ನ್ ದೀರ್ಘ ಬರದ ನಡುವೆ ನಿರ್ಧರಿಸಿದ ಸ್ಥಾವರ 2012ರಲ್ಲಿ ಮುಗಿಯುವ ಹೊತ್ತಿಗೆ ಮಳೆ ಬಂದಿತ್ತು. ಅದರಿಂದ ಮೊದಲ ಬಾರಿ ನೀರು ತರಿಸಲು ಆದೇಶ ಕೊಟ್ಟದ್ದು 2016ರಲ್ಲಿ. ಅಂಥ ಸ್ಥಾವರ ವಿಮೆಯಿದ್ದಂತೆ. ಕಂತು ಕಟ್ಟುವ ಶಕ್ತಿ ಇದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಗಾಬರಿಯಲ್ಲಿ ಕೊಂಡ ವಿಮೆ ಯಾವಾಗಲೂ ದುಬಾರಿ.

ಮನೆಗಳಲ್ಲಿ ಉಳಿಸುವುದರ ಬಗ್ಗೆ ಸಾಕಷ್ಟು ಉಪದೇಶ ಬಂದಿದೆ, ಅದಕ್ಕೆ ಹೆಚ್ಚು ಸೇರಿಸುವುದಿಲ್ಲ. ಹಳೆಯ ಫ್ಲಶ್ ತೊಟ್ಟಿ ಒಂದು ಸಲಕ್ಕೆ 10 ಲೀಟರ್ ದಾಟುತ್ತದೆ, ಎರಡು ಗುಂಡಿಯದು 6 ಅಥವಾ 3. ತೊಟ್ಟಿಗೆ ಸ್ವಲ್ಪ ಬಣ್ಣ ಹಾಕಿ ಅರ್ಧ ಗಂಟೆ ಬಿಟ್ಟು ಬೇಸಿನ್‌ನಲ್ಲಿ ಬಣ್ಣ ಕಂಡರೆ ವಾಷರ್ ಸೋರುತ್ತಿದೆ. ಎಲ್ಲ ನಲ್ಲಿ ಮುಚ್ಚಿದ ಮೇಲೂ ಮೀಟರ್ ಮುಳ್ಳು ಓಡುತ್ತಿದ್ದರೆ ಮೀಟರಿಂದ ಮನೆಯೊಳಗೆ ಎಲ್ಲೋ ತೂತಿದೆ. ಮನೆಯ ಆರ್‌ಒ ಯಂತ್ರ 1 ಲೀಟರ್ ಕೊಟ್ಟು ಸಾಮಾನ್ಯವಾಗಿ 3 ಲೀಟರ್ ಹೊರಹಾಕುತ್ತದೆ. ಅದನ್ನು ನೆಲ ಒರೆಸಲು ಹಿಡಿಯಿರಿ, ಗಿಡಕ್ಕೆ ದಿನವೂ ಹಾಕಿದರೆ ಮಣ್ಣಿಗೆ ಉಪ್ಪು. ಆದರೆ ಅಧಿಕಾರಿಗಳು ಮೊದಲು ಹಿಡಿಯಬೇಕಾದದ್ದು ದೊಡ್ಡ ಗ್ರಾಹಕರನ್ನು. ಕೂಲಿಂಗ್ ಟವರ್‌ನಲ್ಲಿ ನೀರನ್ನು ಅದರ ಲವಣ ಮೂರು ಪಟ್ಟು ಸಾಂದ್ರವಾಗುವವರೆಗೆ ಓಡಿಸುವ ಬದಲು ಆರು ಪಟ್ಟಿನವರೆಗೆ ಓಡಿಸಿದರೆ ಹೊಸದಾಗಿ ತುಂಬುವ ನೀರಿನಲ್ಲಿ ಶೇ 20 ಉಳಿಯುತ್ತದೆ. ಹಾಗೆ ಮಾಡಲು ಗಡಸುತನ, ಸಿಲಿಕಾ ನೋಡಿಕೊಂಡು ರಾಸಾಯನಿಕ ಬದಲಿಸಬೇಕು. ನೂರು ಮಂದಿಯ ಜೊತೆ ಕೂತು ಮಾತಾಡಿ ಇದನ್ನು ಸಾಧಿಸುವುದು ಲಕ್ಷ ಮನೆಗಳಿಗೆ ಕರಪತ್ರ ಹಂಚುವುದಕ್ಕಿಂತ ಬೇಗ ಆಗುವ ಕೆಲಸ.

ಹಣದ ಮಾತನ್ನು ಯಾರೂ ಆಡುವುದಿಲ್ಲ. ಜನ ಶೇ 30 ಉಳಿಸಿದರೆ ಜಲಮಂಡಳಿಯ ಮಾರಾಟವೂ ಅಷ್ಟೇ ಬೀಳುತ್ತದೆ. ಸಂಬಳ, ಸಾಲದ ಕಂತು, ದುರಸ್ತಿ ಮಾತ್ರ ಇಳಿಯುವುದಿಲ್ಲ. ಸೋರಿಕೆ ತಂಡಗಳಿಗೆ ಹೆಚ್ಚು ಹಣ ಬೇಕಾದ ವರ್ಷವೇ ಖಜಾನೆ ಖಾಲಿ. ಒಳ್ಳೆಯ ವರ್ಷಗಳ ಆದಾಯದಲ್ಲಿ ಒಂದು ಭಾಗ ಬರನಿಧಿಗೆ ಹೋಗಬೇಕು, ಬರದ ದರಪಟ್ಟಿ ಮೊದಲೇ ಮಂಜೂರಾಗಿರಬೇಕು. ಬದುಕಿಗೆ ಬೇಕಾದ ಮೊದಲ ಪಾಲಿನ ದರ ಮುಟ್ಟಬಾರದು, ಮೇಲಿನ ಹಂತಗಳಿಗೆ ಮಾತ್ರ ಏರಿಕೆ. ಒಂದೇ ಮೀಟರಿನಡಿ ಹಲವು ಬಡ ಕುಟುಂಬಗಳಿರುವ ಕಡೆ ತಲೆ ಎಣಿಸದೆ ಹಂತದ ದರ ಹಾಕಿದರೆ ಶಿಕ್ಷೆ ನೀರು ಪೋಲು ಮಾಡಿದವರಿಗೆ ಬೀಳುವುದಿಲ್ಲ, ಬಡವರಿಗೆ ಬೀಳುತ್ತದೆ.

ನಲ್ಲಿ ಬಂದ್ ಆಗಿ ಟ್ಯಾಂಕರಿನಲ್ಲಿ ನೀರು ಕೊಡುವ ಕೊನೆಯ ಹಂತಕ್ಕೂ ಅಂಕಿ ಬೇಕು. 10 ಲಕ್ಷ ಜನರಿಗೆ 25 ಲೀಟರಿನಂತೆ 2.5 ಕೋಟಿ ಲೀಟರ್. 10,000 ಲೀಟರ್ ಟ್ಯಾಂಕರಿನಲ್ಲಿ 2,500 ಲೋಡ್. ಒಂದು ಲಾರಿ ದಿನಕ್ಕೆ 8 ಸುತ್ತು ಹೊಡೆದರೂ 313 ಲಾರಿ. ತುಂಬಿಸಿ ಹೊರಡಲು 15 ನಿಮಿಷ, ದಿನಕ್ಕೆ 16 ಗಂಟೆ ಎಂದರೆ ಸುಮಾರು 40 ತುಂಬುವ ಕೇಂದ್ರ. ಇಷ್ಟು ಲಾರಿ ಊರಲ್ಲಿದೆಯೇ, ಅವುಗಳಲ್ಲಿ ಎಷ್ಟು ಮೊದಲು ಬೇರೆ ದ್ರವ ಸಾಗಿಸುತ್ತಿದ್ದವು, ಕ್ಲೋರಿನ್ ಯಾರು ಹಾಕುತ್ತಾರೆ? ಡಯಾಲಿಸಿಸ್ ಕೇಂದ್ರಗಳ ಪಟ್ಟಿ ಪ್ರತ್ಯೇಕವಾಗಿರಲಿ. ಒಬ್ಬ ರೋಗಿಯ ನಾಲ್ಕು ಗಂಟೆಯ ಚಿಕಿತ್ಸೆಗೆ ಸುಮಾರು 120 ಲೀಟರ್ ಶುದ್ಧ ದ್ರಾವಣ ಬೇಕು, ಅದನ್ನು ತಯಾರಿಸಲು ಇನ್ನೂ ಹೆಚ್ಚು ನೀರು. ಜಲಮಂಡಳಿ ಮೂಲ ಬದಲಿಸಿದಾಗ, ಕ್ಲೋರಿನ್ ಬದಲು ಕ್ಲೋರಮಿನ್ (ಕ್ಲೋರಿನ್, ಅಮೋನಿಯಾ ಸೇರಿದ ಸೋಂಕುನಾಶಕ) ಬಳಸಿದಾಗ, ಆಲಂ (ಪಟಿಕ) ಹೆಚ್ಚು ಹಾಕಿದಾಗ ಆ ಕೇಂದ್ರಗಳಿಗೆ ಮೊದಲೇ ತಿಳಿಸದಿದ್ದರೆ ಪ್ರಾಣಕ್ಕೇ ಅಪಾಯ. ಜಲಾಶಯದ ತಳದ ನೀರಿನಲ್ಲಿ ಮ್ಯಾಂಗನೀಸ್, ಪಾಚಿಯ ವಾಸನೆ, ಕೆಸರು ಹೆಚ್ಚು. ಶುದ್ಧೀಕರಣ ಘಟಕದಲ್ಲಿ ಪುಡಿ ಇದ್ದಿಲು, ಆಲಂ ದಾಸ್ತಾನು, ತೇಲುವ ಪಂಪ್, ಅದಕ್ಕೆ ವಿದ್ಯುತ್ ಲೈನ್ ಇವೆಲ್ಲ ಮೂರನೇ ಗೆರೆ ದಾಟುವ ಮೊದಲೇ ಬಂದಿರಬೇಕು.

ನಿರ್ಬಂಧ ತೆಗೆಯುವ ನಿಯಮವನ್ನೂ ಅದೇ ಆದೇಶದಲ್ಲಿ ಬರೆದಿಡಬೇಕು. ಮೊದಲ ಜೋರು ಮಳೆಗೆ ಎಲ್ಲ ಸಡಿಲ ಮಾಡುವ ಒತ್ತಡ ಬರುತ್ತದೆ, ಆಗ ಜಲಾಶಯಕ್ಕೆ ಸೇರಿದ್ದು ಕೆಸರು ನೀರು, ಅದೂ ಸ್ವಲ್ಪ. ಗೆರೆ ದಾಟಿ ಇಳಿದ ಮಟ್ಟಕ್ಕಿಂತ ಕನಿಷ್ಠ 10 ಶೇಕಡಾ ಅಂಶ ಮೇಲೇರಿ, ನಾಲ್ಕು ವಾರ ಅಲ್ಲೇ ನಿಂತರೆ ಮಾತ್ರ ಒಂದು ಹಂತ ಸಡಿಲ. ಒಂದೇ ಸಲ ಎರಡು ಹಂತ ಇಳಿಸಕೂಡದು. ಒತ್ತಡ ತಗ್ಗಿಸುವ ವಾಲ್ವ್‌ಗಳನ್ನು ಮಾತ್ರ ಹಳೆಯ ಮಟ್ಟಕ್ಕೆ ತಿರುಗಿಸಬೇಡಿ. ಆ 20 ಮೀಟರ್ ಒತ್ತಡದಲ್ಲಿ ಊರು ಒಂದು ವರ್ಷ ಬದುಕಿದ್ದರೆ ಮುಂದಿನ ವರ್ಷವೂ ಬದುಕುತ್ತದೆ.

ಇಂತಿ ತಮ್ಮ ವಿಶ್ವಾಸಿಗಳು,
ನಗರ ನೀರು ಸರಬರಾಜು ಎಂಜಿನಿಯರ್‌ಗಳು